ಮಲಗದ ಪೆಟ್ಟಿಗೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗಿನಲ್ಲಿ ಹಿತ್ತಲ ಬಾಗಿಲಿನ ಚಿಲಕ ಸರಿಯಲಿಲ್ಲ. ದಿನಾ ಅದನ್ನು ತೆಗೆಯುತ್ತಿದ್ದವನು ನನ್ನ ಗಂಡ ಗುರುಪಾದ. ಅವನನ್ನು ಮಣ್ಣು ಮಾಡಿ ಬಂದಾಗಿನಿಂದ ಮನೆ ತುಂಬ ಜನರಿದ್ದರು, ಹಿತ್ತಲಿಗೆ ಹೋಗುವವರೆಲ್ಲ ಪಕ್ಕದ ಸಂದಿಯಿಂದಲೇ ಹೋಗುತ್ತಿದ್ದರು. ಹಾಗಾಗಿ ಚಿಲಕ ಯಾವಾಗ ಮಲಗಿತೋ ಯಾರಿಗೂ ತಿಳಿಯಲಿಲ್ಲ. ನಾನು ಒಂದೆರಡು ಸಲ ಎಳೆದು ಬಿಟ್ಟೆ. ಎಣ್ಣೆ ಬಿಡಲಿಲ್ಲ. ಮಲಗಿದ ಕಬ್ಬಿಣಕ್ಕೆ ನಮ್ಮ ಊರಿನಲ್ಲಿ ಯಾರೂ ಎಣ್ಣೆ ಬಿಡುವುದಿಲ್ಲ. ಸಂದಿಯಿಂದಲೇ ಹೋಗಿ ಬಚ್ಚಲ ಒಲೆಗೆ ಬೆಂಕಿ ಹಾಕಿದೆ.

ಇಲ್ಲಿ ಸತ್ತವರ ಕಬ್ಬಿಣ ಮಲಗುತ್ತದೆ. ಎಲ್ಲವೂ ಒಮ್ಮೆಲೇ ಅಲ್ಲ. ಗುರುಪಾದನ ಸ್ಕೂಟರು ನೆಂಟರಿರುವಾಗಲೇ ಮಲಗಿತು. ಆಮೇಲೆ ಕೈಗಡಿಯಾರ, ಉಗುರು ಕತ್ತರಿಸುವ ಕತ್ತರಿ, ಅವನ ಮೇಜಿನ ಮೇಲಿನ ಫ್ಯಾನು. ಫ್ರಿಜ್ಜು ಓಡುತ್ತಲೇ ಇತ್ತು, ಏಕೆಂದರೆ ಅದನ್ನು ತಂದ ದಿನ ನಾವಿಬ್ಬರೂ ಒಟ್ಟಿಗೆ ಕೈ ಹಿಡಿದು ಪ್ಲಗ್ಗು ಹಾಕಿದ್ದೆವು. ದೊಡ್ಡ ಸಾಮಾನು ತಂದಾಗ ಎಲ್ಲರೂ ಹಾಗೆಯೇ ಮಾಡುತ್ತಾರೆ. ಹಳೆಯ ಸೈಕಲ್ಲು ಕೊಳ್ಳುವವರು ಬೆಲೆ ಕೇಳುವ ಮೊದಲು ಮಾಲಕರ ಆರೋಗ್ಯ ಕೇಳುತ್ತಾರೆ. ತಿರುಪು ಹಾಕಿ ಬಿಗಿದದ್ದೆಲ್ಲ ಒಂದೇ ಮೈ ಎಂದು ಲೆಕ್ಕ. ಗಂಡನ ಸ್ಕೂಟರಿಗೆ ಹೆಂಡತಿ ಹೊಸ ಕನ್ನಡಿ ಹಾಕಿಸಿದ್ದರೆ ಅದೂ ಸ್ಕೂಟರಿನ ಜೊತೆ ಮಲಗುತ್ತದೆ. ಸಾವಿನ ಮನೆಗೆ ಮಾತಾಡಿಸಲು ಬಂದವರು ಮೊದಲು ಕೇಳುವುದು, ‘ಕಬ್ಬಣಾ ಎಲ್ಲಾ ಮಲಗ್ತೇನವಾ?’ ಎಂದು. ಎಲ್ಲಾ ಮಲಗಿತು ಎಂದರೆ ಆ ಮನೆಯವರು ಮತ್ತೆ ಕೆಲಸಕ್ಕೆ ಹೊರಡಬಹುದು ಎಂದು ಅರ್ಥ.

ನಮ್ಮಲ್ಲಿ ಒಂದು ಮಲಗಲಿಲ್ಲ. ನಡುಮನೆಯ ಗೂಡಿನಲ್ಲಿ, ಅತ್ತೆಯ ಹಳೆಯ ಸೀರೆಯ ತುಂಡು ಹೊದ್ದುಕೊಂಡು ಕೂತಿದ್ದ ಸ್ಟೋರೇಜ್ ಸರ್ವರ್. ಓಣಿಯವರ ಬಾಯಲ್ಲಿ ಅದು ಗುರುಪಾದನ ಪೆಟ್ಟಿಗೆ. ಅವನು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಬಿಡುವಿನಲ್ಲಿ ಅಲ್ಲಿಂದ ಇಲ್ಲಿಂದ ಭಾಗ ತಂದು ತಾನೇ ಕಟ್ಟಿದ್ದ. ಓಣಿಯ ಅರ್ಧಕ್ಕಿಂತ ಹೆಚ್ಚು ಮನೆಗಳ ಮದುವೆ ಫೋಟೋಗಳು, ಮಕ್ಕಳ ಅಂಕಪಟ್ಟಿಗಳು, ಭಜನೆಯ ರೆಕಾರ್ಡಿಂಗ್‌ಗಳು ಅದರೊಳಗಿದ್ದವು. ಹಾಲು ಬರುವ ಹೊತ್ತಿಗೆ ಅದು ಎಲ್ಲರ ಫೋನಿಗೂ ‘ಎಲ್ಲಾ ಆರಾಮ’ ಎಂದು ಕಳಿಸುತ್ತಿತ್ತು. ಡಿಸ್ಕುಗಳು ನೆಟ್ಟಗಿವೆ ಎಂದಷ್ಟೇ ಅದರ ಅರ್ಥ. ಅವನು ಹೋದ ಮೇಲೂ ಅದು ಒಂದು ದಿನ ತಪ್ಪಿಸಲಿಲ್ಲ.

ಅತ್ತೆ ಅದರ ಪಕ್ಕದಲ್ಲಿ ಚಾಪೆ ಹಾಸಿಕೊಂಡರು. ಊಟ ಅಲ್ಲಿಯೇ, ಜಪ ಅಲ್ಲಿಯೇ. ಅಂಗೈಯನ್ನು ಪೆಟ್ಟಿಗೆಯ ಬೆನ್ನಿಗೆ ಹಚ್ಚಿ ಕೂತಿರುತ್ತಿದ್ದರು.

‘ಪೂರಾ ಹೋಗಿಲ್ಲ ನನ್ನ ಮಗಾ’ ಎಂದರು ಒಂದು ದಿನ. ‘ಕೈ ಇಟ್ಟು ನೋಡು, ಮೈ ಬೆಚ್ಚಗೈತಿ.’

ಇಟ್ಟು ನೋಡಿದೆ. ಬೆಚ್ಚಗಿತ್ತು. ಯಂತ್ರಗಳು ಬಿಸಿಯಾಗುತ್ತವೆ ಎಂದು ಹೇಳಲಿಲ್ಲ.

ಪಕ್ಕದ ಮನೆಯ ಪ್ರಮೀಳಾ ವೈನಿ ದಿನಾ ಒಮ್ಮೆ ಬಂದು ಗೂಡಿನ ಕಡೆ ನೋಡಿ ಹೋಗುತ್ತಿದ್ದರು. ಮೊದಮೊದಲು ಕಣ್ಣೊರೆಸಿಕೊಳ್ಳುತ್ತಿದ್ದವರು ಆಮೇಲೆ ಕಣ್ಣು ಕಿರಿದು ಮಾಡಿ ನೋಡತೊಡಗಿದರು.

‘ಏನಬೇ ದಾಕ್ಷಾ, ಇನ್ನೂ ಗುಂಯ್ ಅನ್ನಾಕತ್ತೇತಲ್ಲ ಇದು?’

‘ಹೌದ್ರಿ ವೈನಿ.’

‘ನಮ್ಮ ಮಾವಾರು ಹೋದಾಗ ಗಡಿಯಾರದಿಂದ ಹಿಡದು ಹಲ್ಲಿನ ಸೆಟ್ಟಿನ ತಂತಿ ತನಕಾ ಮಲಗಿತ್ತು. ಇದ್ಯಾಕ ಮಲಗವಲ್ತು?’ ಎಂದು ಅತ್ತೆಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು. ‘ಮಲಗಲಿಲ್ಲಂದ್ರ ಅದು ಅಂವಂದಲ್ಲ ಅಂತಾತು. ಬ್ಯಾರೆ ಯಾರದೋ ಕೈ ಐತಿ ಅದರ ಮ್ಯಾಲ. ನಾ ಅನ್ನೂದಲ್ಲವಾ, ಓಣ್ಯಾಗ ಅಂತಾರ.’

‘ಯಾರ ಕೈ ಅಂತಾರ್ರಿ?’

‘ಅದನ್ನ ನೀನ ಹುಡಕಬೇಕು. ಯುನಿವರ್ಸಿಟಿ ಕಲತಾಕಿ.’

ನಾನು ಕಲಿತದ್ದು ಸಂಖ್ಯಾಶಾಸ್ತ್ರ. ವಿಭಾಗದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸವನ್ನೂ ಮಾಡಿದ್ದೆ. ಆದರೆ ಮದುವೆಯಾದ ಮೇಲೆ ಈ ಪೆಟ್ಟಿಗೆಗೆ ಗುರುಪಾದ ನನ್ನನ್ನು ಒಮ್ಮೆಯೂ ಕೈ ಹಚ್ಚಲು ಕರೆದಿರಲಿಲ್ಲ. ಪ್ಲಗ್ಗು ಹಾಕುವಾಗ ಕೂಡ. ಅದು ಅವನ ಹಟ ಎಂದುಕೊಂಡಿದ್ದೆ.

ಪೆಟ್ಟಿಗೆಯನ್ನು ಖಾಲಿ ಮಾಡುವ ಯೋಚನೆ ಅವನದೇ. ಹಿಟ್ಟಿನ ಗಿರಣಿಯ ಮಾಳಿಗೆಯಲ್ಲಿ ಓಣಿಯವರೆಲ್ಲ ಕೂಡಿ ಒಂದು ದೊಡ್ಡ ಯಂತ್ರ ತಂದಿಟ್ಟಿದ್ದರು. ಮನೆಗೊಬ್ಬರಂತೆ ಹೋಗಿ ಒಂದೊಂದು ತಿರುಪು ಬಿಗಿದು ಬಂದಿದ್ದೆವು. ಒಬ್ಬರು ಹೋದರೆ ಮಲಗುವಂಥದ್ದಲ್ಲ ಅದು. ಅದರೊಳಗೆ ಹಲವು ಯಂತ್ರಗಳನ್ನು ಮಾಡಬಹುದಿತ್ತು. ಹೊರಗಿನಿಂದ ನೋಡಿದರೆ ಒಂದೇ ಡಬ್ಬಿ, ಒಳಗೆ ಒಂದೊಂದಕ್ಕೂ ತಾನೇ ಪೂರ್ತಿ ಯಂತ್ರವೆಂಬ ನಂಬಿಕೆ. ವರ್ಚುವಲ್ ಮಶೀನ್ ಎನ್ನುತ್ತಿದ್ದ. ‘ಅದಕ್ಕ ಕಬ್ಬಣಾನ ಇಲ್ಲ ದಾಕ್ಷಾ, ಮಲಗೂದೇನು?’ ಎನ್ನುತ್ತಿದ್ದ. ನಮ್ಮ ಪೆಟ್ಟಿಗೆಯೊಳಗಿನದನ್ನೆಲ್ಲ ಅಲ್ಲಿಗೆ ಸಾಗಿಸುವುದಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಎದೆ ಹಿಡಿದುಕೊಂಡ.

ಇಂದೋ ನಾಳೆಯೋ ಮಲಗಬಹುದಾದ ಪೆಟ್ಟಿಗೆಯಲ್ಲಿ ಇಷ್ಟು ಮನೆಗಳ ಸಾಮಾನು ಇತ್ತು. ಆ ಕೆಲಸ ನಾನು ಮಾಡಬೇಕು ಎಂದು ಯಾರೂ ಹೇಳಲಿಲ್ಲ, ಬೇರೆ ಯಾರಿಗೂ ಬರುತ್ತಿರಲಿಲ್ಲ. ಡಿಸ್ಕುಗಳು ಎಂಥವು, ಎಷ್ಟು ತುಂಬಿವೆ ಎಂದು ನೋಡಲು ಅತ್ತೆ ಸ್ನಾನಕ್ಕೆ ಹೋದಾಗ ಬಟ್ಟೆ ಸರಿಸಿ ಮುಚ್ಚಳ ತೆಗೆದೆ. ಒಳಗಿನಿಂದ ಸೋಂಪಿನ ವಾಸನೆ ಬಂತು. ಹೊರಗಡೆ ಅವನು ಬೂದು ಬಣ್ಣ ಬಳಿದಿದ್ದ, ಒಳಗೆ ಹಸಿರು ಇತ್ತು. ಎರಡೂ ಪಕ್ಕದ ತಗಡಿಗೆ ಹೂವಿನ ಆಕಾರದಲ್ಲಿ ತೂತುಗಳು. ಮೂಲೆಯಲ್ಲಿ ಉಗುರು ಹಾಕಿ ಕೆರೆದರೆ ಕಲ್ಲಾದ ರಸ್ಕಿನ ಪುಡಿ. ಕಂಪ್ಯೂಟರಿಗೆಂದು ಮಾಡಿದ ಡಬ್ಬಿ ಅಲ್ಲ ಅದು.

ಅವತ್ತು ಸಂಜೆ ಶಾಲೆಯ ಕಂಪೌಂಡಿನ ಮೂಲೆಗೆ ಹೋದೆ. ಬ್ರೆಡ್ಡು ಮಾರುವ ಜೈತೂನಬಿ ಓಣಿ ಸುತ್ತಿ ಬಂದು ಅಲ್ಲಿ ಸೈಕಲ್ಲು ನಿಲ್ಲಿಸಿಕೊಂಡಿರುತ್ತಾಳೆ ಎಂದು ಕೇಳಿದ್ದೆ, ಅವಳ ಗಂಟೆಯ ಸದ್ದು ಗೊತ್ತಿತ್ತೇ ಹೊರತು ಹತ್ತಿರದಿಂದ ನೋಡಿರಲಿಲ್ಲ. ಬ್ರೆಡ್ಡು ತರುವುದು ಗುರುಪಾದನ ಕೆಲಸವಾಗಿತ್ತು. ಅವಳು ನನಗಿಂತ ಸ್ವಲ್ಪ ದೊಡ್ಡವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಂಡಸರ ಸೈಕಲ್ಲಿಗೆ ಒರಗಿ ನಿಂತಿದ್ದಳು. ಕ್ಯಾರಿಯರಿನ ಒಂದು ಪಕ್ಕಕ್ಕೆ ಹಸಿರು ಪೆಟ್ಟಿಗೆ ಜೋತುಬಿದ್ದಿತ್ತು, ಅದೇ ಹೂವಿನ ತೂತುಗಳು. ಇನ್ನೊಂದು ಪಕ್ಕಕ್ಕೆ ಗೋಣಿಚೀಲ. ನಾನು ಬ್ರೆಡ್ಡು ತೆಗೆದುಕೊಂಡ ಕೂಡಲೇ ಅವಳು ಚೀಲದ ಬಾಯಿ ಸಡಿಲಿಸಿ ಒಂದು ಹಿಡಿ ಉಸುಕು ತೆಗೆದು ನೆಲಕ್ಕೆ ಚೆಲ್ಲಿದಳು.

‘ಇದ್ಯಾಕ್ರಿ?’

‘ಈ ಕಡೆ ಬ್ರೆಡ್ ಕಡಿಮಿ ಆತಲ್ರಿ, ಆ ಕಡೆ ಉಸುಕೂ ಕಡಿಮಿ ಆಗಬೇಕು. ಇಲ್ಲಾಂದ್ರ ಈ ಸೈಕಲ್ ನನ್ನ ಗಟಾರದಾಗ ಒಗಿತೇತಿ.’

ಓಣಿಯ ಹೊಸ್ತಿಲುಗಳ ಮುಂದೆ ದಿನಾ ಬಿದ್ದಿರುತ್ತಿದ್ದ ಸಣ್ಣ ಸಣ್ಣ ಉಸುಕಿನ ಗುಪ್ಪೆಗಳು ಎಲ್ಲಿಂದ ಬರುತ್ತವೆ ಎಂದು ಆಗ ತಿಳಿಯಿತು. ಗುಡಿಸಿ ಹಾಕುತ್ತಿದ್ದೆವೇ ಹೊರತು ಯಾರೂ ಕೇಳಿರಲಿಲ್ಲ.

‘ಆ ಕಡೆನೂ ಒಂದು ಪೆಟಿಗಿ ಇತ್ತೇನ್ರಿ?’

ಅವಳು ನನ್ನ ಮುಖ ನೋಡಿದಳು. ಖಾಲಿ ಹಣೆ ನೋಡಿದಳು. ‘ಇತ್ರಿ.’

‘ಯಾರಿಗರ ಕೊಟ್ಟೀರೇನು?’

‘ಅಕ್ಕಾರ, ಸಾವಿನ ಮನ್ಯಾಗಿರೂ ಕಬ್ಬಣಾ ಕೇಳಬಾರ್ದು. ನಾ ಕೇಳಿಲ್ಲ ಮತ್ತ. ನೀವ ಕೇಳಾಕತ್ತೀರಿ.’

‘ಹೌದ್ರಿ. ನಾನ ಕೇಳಾಕತ್ತೇನಿ. ಹೇಳ್ರಿ.’

ಅವಳು ಬ್ರೇಕಿನ ತಂತಿಯನ್ನು ಬೆರಳಿಂದ ಮೀಟುತ್ತ ಹೇಳಿದಳು. ‘ಮಾಸ್ತರು ದಿನಾ ಬರ್ತಿದ್ರಲ್ಲ. ಗಾಳಿ ಆಡೂ ಪೆಟಿಗಿ ಬೇಕು, ಬಜಾರದಾಗ ಸಿಗೂವಕ್ಕ ಬರೇ ಮುಂದ ತೂತಿರತಾವು ಅಂದ್ರು. ನಂದ ನೋಡಿ, ಬ್ರೆಡ್ಡಿಗೂ ನನ್ನ ಮಶೀನಿಗೂ ಒಂದ ಜಡ್ಡು ಜೈತೂನಬಿ, ಮುಚ್ಚಿಟ್ರ ಬೆವರತಾವು ಅಂತ ನಕ್ಕರು. ಮಳಿಗಾಲ ಮುಗಿಯೂದರಾಗ ತಿರುಗಿ ಕೊಡತೇನಿ, ಗಿರಣಿಗೆ ಸಾಗಸ್ತೇನಿ ಅಂದಿದ್ರು. ಇರ್ಲಿ ಬಿಡ್ರಿ, ಅವಸರ ಇಲ್ಲ. ಉಸುಕಿಗೇನು ಬರಗಾಲ?’

ಗುರುಪಾದ ಇಷ್ಟು ಮಾತಾಡುತ್ತಿದ್ದನೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವನು ಈ ಡಬ್ಬಿಯ ಬಗ್ಗೆ ಹೇಳಿದ್ದು, ಅದಕ್ಕೆ ನೀರು ತಾಗಿಸಬೇಡಿ ಎಂದಷ್ಟೇ. ನನ್ನನ್ನು ಕೈ ಹಚ್ಚಲು ಏಕೆ ಕರೆಯಲಿಲ್ಲ ಎಂಬುದೂ ತಿಳಿಯಿತು. ಕಡ ತಂದ ಕಬ್ಬಿಣಕ್ಕೆ ಗಂಡ ಹೆಂಡತಿ ಸೇರಿ ಕೈ ಹಚ್ಚುವುದು ಕದ್ದಂತೆ. ಪೆಟ್ಟಿಗೆ ಜೈತೂನಬಿಯದು, ಅವಳು ಗಟ್ಟಿಮುಟ್ಟಾಗಿದ್ದಾಳೆ. ಆದ್ದರಿಂದ ಅದಕ್ಕೆ ಬಿಗಿದ ಡಿಸ್ಕು, ಫ್ಯಾನು, ತಂತಿ ಎಲ್ಲವೂ ಎಚ್ಚರವಾಗಿವೆ. ಅಷ್ಟೇ. ನನ್ನ ಗಂಡನಿಗೂ ಅದಕ್ಕೂ ಸಂಬಂಧವಿಲ್ಲ.

ಬ್ರೆಡ್ಡು ಹಿಡಿದು ಮನೆಗೆ ಬಂದೆ. ಅತ್ತೆ ಪೆಟ್ಟಿಗೆಗೆ ವಿಭೂತಿ ಹಚ್ಚುತ್ತಿದ್ದರು. ಏನೂ ಹೇಳಲಿಲ್ಲ. ಸುಮ್ಮನಿದ್ದರೆ ಅದು ಇನ್ನೂ ಹತ್ತಾರು ವರ್ಷ ಓಡಬಹುದಿತ್ತು. ಬೆಳಿಗ್ಗೆ ಫೋನು ಮಿಡುಕಿದಾಗ ನಾನೂ ಮೊದಲು ಅದನ್ನೇ ನೋಡುತ್ತಿದ್ದೆ.

ಆದರೆ ನಾನು ಜೈತೂನಬಿಯ ಜೊತೆ ನಿಂತು ಮಾತಾಡಿದ್ದನ್ನು ಪ್ರಮೀಳಾ ವೈನಿ ನೋಡಿದ್ದರು. ಅವಳ ಸೈಕಲ್ಲಿಗೆ ಒಂದೇ ಪೆಟ್ಟಿಗೆ ಇರುವುದೂ ಅವರಿಗೆ ಒಮ್ಮೆಲೇ ಕಂಡಿತ್ತು. ನಮ್ಮ ಪೆಟ್ಟಿಗೆಯ ಮೇಲಿರುವ ಕೈ ಯಾರದೆಂದು ಓಣಿಯವರು ತೀರ್ಮಾನಿಸಿಬಿಟ್ಟರು. ಓಣಿಯ ಹೆಂಗಸರು ಅವಳ ಗಂಟೆ ಕೇಳಿದರೆ ಬಾಗಿಲು ಮುಂದೆ ಮಾಡತೊಡಗಿದರು. ಹೊಸ್ತಿಲುಗಳ ಮುಂದೆ ಉಸುಕು ಬೀಳುವುದು ನಿಂತಿತು. ಅವಳು ಓಣಿಯ ಈ ತುದಿಯಿಂದ ಆ ತುದಿಗೆ ಒಂದು ಹಿಡಿಯನ್ನೂ ಚೆಲ್ಲದೆ ಸೈಕಲ್ಲು ತಳ್ಳಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದೆ. ನಮ್ಮ ಮನೆಯ ಮುಂದೆ ಅವಳು ಗಂಟೆಯನ್ನೂ ಬಾರಿಸಲಿಲ್ಲ. ಕೇಳಲು ಬಂದಳು ಎಂದು ಆಗಬಾರದಲ್ಲ.

ಮರುದಿನ ಕೆಲಸ ಹಿಡಿದೆ. ಫೋಟೋ ಹಾಡು ಮುಂತಾದವನ್ನಷ್ಟೇ ಹೊಸ ಯಂತ್ರಕ್ಕೆ ಹಾಕಿ, ಉಳಿದದ್ದನ್ನು ಚೊಕ್ಕವಾಗಿ ಹೊಸದಾಗಿ ಮಾಡುವುದು ಸುಲಭದ ದಾರಿ. ಅದನ್ನು ಬಿಟ್ಟು ಯಂತ್ರವನ್ನು ಇದ್ದದ್ದು ಇದ್ದಂತೆಯೇ ಎತ್ತಿದೆ. ಅವನು ಅರ್ಧ ಬರೆದು ಬಿಟ್ಟ ಪ್ರೋಗ್ರಾಮುಗಳು, ತಪ್ಪಾಗಿ ಇಟ್ಟ ಹೆಸರುಗಳು, ಎಂದೂ ಅಳಿಸದ ಹಳೆಯ ಪರೀಕ್ಷೆಗಳ ಪ್ರಶ್ನೆಗಳು, ಎಲ್ಲವೂ ಇದ್ದ ಜಾಗದಲ್ಲೇ. ಡಿಸ್ಕಿನ ಪಡಿಯಚ್ಚು ತಂತಿಯ ಮೇಲೆ ನಿಧಾನವಾಗಿ ಗಿರಣಿಗೆ ಹರಿಯಿತು. ನಾನು ಹಗಲೆಲ್ಲ ಮಾಳಿಗೆಯಲ್ಲಿ ಕೂತಿರುತ್ತಿದ್ದೆ. ಕೆಳಗಿನ ಜೋಳದ ಹಿಟ್ಟು ಹಲಗೆಯ ಸಂದಿನಿಂದ ಮೇಲೆ ಬಂದು ತಲೆಗೂದಲಿಗೆ ಕೂರುತ್ತಿತ್ತು. ಗಿರಣಿಯ ನಾಗಪ್ಪ ಏಣಿಯಿಂದ ತಲೆ ಹಾಕಿ, ‘ಊರಿನ ಹಿಟ್ಟೆಲ್ಲ ಬೀಸಿ ಮುಗೀತ್ರಿ ಬಾಯಾರ, ನಿಮ್ದಿನ್ನೂ ಬೀಸಾಕತ್ತೇತೇನು?’ ಎನ್ನುತ್ತಿದ್ದ. ‘ಕಾಳು ಬಾಳ ಅದಾವು ನಾಗಪ್ಪ’ ಎನ್ನುತ್ತಿದ್ದೆ. ಅಷ್ಟು ಮಾತು ಸಾಕಾಗುತ್ತಿತ್ತು.

ಪಡಿಯಚ್ಚು ಮುಗಿದ ಮೇಲೆ ಒಂದು ಬೆಳಿಗ್ಗೆ, ಹಾಲು ಬರುವ ಹೊತ್ತಿಗೆ, ಹೊಸ ಯಂತ್ರವನ್ನು ಎಬ್ಬಿಸಿದೆ. ಎದ್ದಿತು. ತಾನು ಇನ್ನೂ ನಮ್ಮ ನಡುಮನೆಯ ಗೂಡಿನಲ್ಲೇ ಇದ್ದೇನೆ ಎಂದುಕೊಂಡಿತ್ತು. ತನ್ನ ಫ್ಯಾನು ಹುಡುಕಿತು. ಸಿಗಲಿಲ್ಲ. ಗುರುಪಾದ ಹೇಳಿಕೊಟ್ಟಿದ್ದಂತೆ ಓಣಿಯ ಎಲ್ಲ ಫೋನುಗಳಿಗೂ ‘ಫ್ಯಾನು ನಿಂತಿದೆ, ನೋಡು’ ಎಂದು ಕಳಿಸಿತು. ಅದೇ ಹೊತ್ತಿಗೆ ಮನೆಯಲ್ಲಿದ್ದ ಹಳೆಯದು ‘ಎಲ್ಲಾ ಆರಾಮ’ ಎಂದಿತು. ಎರಡಕ್ಕೂ ಒಂದೇ ಹೆಸರು, ಒಂದೇ ವಿಳಾಸ. ಕೇಳಿದವರಿಗೆ ಒಮ್ಮೆ ಇದು ಉತ್ತರ ಕೊಟ್ಟರೆ ಇನ್ನೊಮ್ಮೆ ಅದು. ಮದುವೆಯ ಫೋಟೋ ತೆರೆದವರಿಗೆ ಮದುಮಗ ಬಂದರೆ ಮದುಮಗಳು ಬರಲಿಲ್ಲ. ನಾನು ಮನೆಗೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಜನ ಸೇರಿದ್ದರು. ಮುಂದೆ ಪ್ರಮೀಳಾ ವೈನಿ.

‘ಒಂದ ಬಾಯಾಗ ಎರಡ ಮಾತು ಹೇಳಾಕತ್ತೇತಲ್ಲಬೇ ನಿಮ್ಮ ಪೆಟಿಗಿ!’

ಫ್ಯಾನು ಹುಡುಕಬೇಡ ಎಂದು ಹೊಸದಕ್ಕೆ ತಿಳಿಸುವುದು ಸುಲಭ. ಅದನ್ನು ಮಾಡಿದೆ. ಅವನು ಬರೆದದ್ದರಲ್ಲಿ ನಾನು ಅಳಿಸಿದ್ದು ಆ ಒಂದು ಸಾಲು ಮಾತ್ರ. ಉಳಿದದ್ದಕ್ಕೆ ಇದ್ದದ್ದು ಒಂದೇ ದಾರಿ. ಹೊಸದು ನೆಟ್ಟಗೆ ಮಾತಾಡಬೇಕಾದರೆ ಹಳೆಯದು ಆರಬೇಕು. ಹೊಸದನ್ನು ಸದ್ಯಕ್ಕೆ ತಡೆದಿಟ್ಟು, ಜನ ಹೋದ ಮೇಲೆ ಅತ್ತೆಯ ಚಾಪೆಯ ಮೇಲೆ ಕೂತು ಎಲ್ಲ ಹೇಳಿದೆ. ಪೆಟ್ಟಿಗೆ ಯಾರದು, ಏಕೆ ಮಲಗಿಲ್ಲ, ಈಗ ಏನು ಮಾಡಬೇಕು.

ಅತ್ತೆ ಬಟ್ಟೆ ಸರಿಸಿ ಪೆಟ್ಟಿಗೆಯ ಪಕ್ಕದ ತೂತುಗಳ ಮೇಲೆ ಬೆರಳಾಡಿಸಿದರು.

‘ಬ್ರೆಡ್ಡಿನ ಡಬ್ಬಿ?’

‘ಹೌದ್ರಿ.’

‘ಇಷ್ಟು ದಿನಾ ನಾ ಬ್ರೆಡ್ಡಿನ ಡಬ್ಬಿಗೆ ಇಬತ್ತಿ ಹಚ್ಚೇನಿ?’

ಗೂಡಿನ ಅಂಚಿಗೆ ಉದುರಿದ್ದ ವಿಭೂತಿಯನ್ನು ಸೆರಗಿನಿಂದ ಒರೆಸಿದೆ.

‘ನಿನಗ ಯಾವಾಗ ಗೊತ್ತಾತು?’

‘ಸ್ವಲ್ಪ ದಿನಾ ಆತ್ರಿ.’

‘ಮತ್ತ ಯಾಕ ಹೇಳಲಿಲ್ಲ? ಮುದುಕಿ ಕುಂದರ್ಲಿ ಡಬ್ಬಿ ತಬ್ಕೊಂಡು ಅಂತ ಬಿಟ್ಟೇನು?’ ಅವರ ದನಿ ಏರಿತು. ಕೈ ಮಾತ್ರ ಪೆಟ್ಟಿಗೆಯ ಮೇಲೇ ಇತ್ತು. ‘ಇಲ್ಲ ಅಂತೇನಿ ನಾನು. ಆರಸೂದಿಲ್ಲ. ಆಕಿಗೆ ಹೊಸಾ ಡಬ್ಬಿ ಮಾಡಿಸಿ ಕೊಡು. ಇದು ಇಲ್ಲೇ ಇರ್ಲಿ.’

‘ಹೊಸಾ ಡಬ್ಬಿ ಕೊಟ್ರ ಇದು ಆಕೀದ ಅಂತ ನಾವ ಒಪ್ಪಿ ಇಟ್ಕೊಂಡಂಗ ಆಗತೇತ್ರಿ. ಓಣ್ಯಾಗ ಆಕಿ ಕಡೆ ಯಾರೂ ಬ್ರೆಡ್ ತೊಗೊಳ್ಳಾಕತ್ತಿಲ್ಲ.’

‘ಯಾಕ?’

ಏಕೆ ಎಂದು ಹೇಳಿದೆ. ಪ್ರಮೀಳಾ ವೈನಿ ಹೇಳಿದ್ದನ್ನು ಅವರು ಹೇಳಿದ ಮಾತಿನಲ್ಲೇ ಹೇಳಿದೆ. ಅತ್ತೆ ಚಾಪೆಯ ಕಡ್ಡಿಯನ್ನು ಕೀಳುತ್ತ ಕೂತರು. ಆಮೇಲೆ, ‘ಹೊಸಾದು ಬಿಸಿ ಆಗತೇತೇನು?’ ಎಂದು ಕೇಳಿದರು.

‘ಗಿರಣಿ ಮಾಳಗಿ ಮ್ಯಾಲ ಆಗತೇತ್ರಿ. ಎಲ್ಲಾರದೂ ಕೂಡಿ.’

‘ಅಂದ್ರ ಇಂವಂದು ಯಾವ್ದು ಅಂತ ಗೊತ್ತಾಗೂದಿಲ್ಲ.’

‘ಇಲ್ರಿ.’

‘ನಾ ಏಣಿ ಹತ್ತಾಕಿ ಅಲ್ಲ ಬಿಡು’ ಎಂದರು. ಮಂಡಿಯೂರಿ ಎದ್ದರು. ‘ಎಲ್ಲೆ ಒತ್ತಬೇಕು ತೋರ್ಸು. ನೀ ಬ್ಯಾಡ. ಹಡದಾಕಿ ನಾನು.’

ಗುಂಡಿ ತೋರಿಸಿದೆ. ಒತ್ತಿದರು. ಅದು ಕೂಡಲೇ ಆರುವುದಿಲ್ಲ. ತೆರೆದಿಟ್ಟದ್ದನ್ನೆಲ್ಲ ಒಂದೊಂದಾಗಿ ಮುಚ್ಚಿ, ಡಿಸ್ಕುಗಳನ್ನು ನಿಲ್ಲಿಸಿ, ಆಮೇಲೆ ಆರುತ್ತದೆ. ಅತ್ತೆಗೆ ಅದು ಗೊತ್ತಿರಲಿಲ್ಲ.

‘ಇನ್ನೂ ಐತಲ್ಲ?’

‘ಬಾಗಲಾ ಹಾಕ್ಕೊಳ್ಳಾಕತ್ತೇತ್ರಿ.’

‘ನಿದ್ದಿಗೆ ಮೊದಲ ಇಂವಂದು ಯಾವಾಗಲೂ ಹಂಗ’ ಎಂದರು. ‘ನೀರು ಕುಡದು, ಚಿಲಕಾ ನೋಡಿ, ಮತ್ತೊಮ್ಮೆ ನೀರು ಕುಡದು.’

ಫ್ಯಾನು ನಿಂತಿತು. ನಡುಮನೆಯಲ್ಲಿ ಆ ಸದ್ದು ಇಲ್ಲದೆ ಎಷ್ಟು ಕಾಲವಾಗಿತ್ತೆಂದರೆ, ಗೋಡೆಯ ಆಚೆ ಪ್ರಮೀಳಾ ವೈನಿಯ ಮನೆಯಲ್ಲಿ ಯಾರೋ ಉಳ್ಳಾಗಡ್ಡಿ ಹೆಚ್ಚುವುದು ಕೇಳಿಸಿತು. ನಾನು ಫೋನಿನಿಂದ ಹೊಸದನ್ನು ಬಿಟ್ಟೆ. ಅದು ತನ್ನ ಹೆಸರು ಹೇಳಿತು. ಈ ಸಲ ಬೇರೆ ಯಾರೂ ಆ ಹೆಸರು ಹೇಳಲಿಲ್ಲ.

ಡಿಸ್ಕುಗಳನ್ನು ಬಿಚ್ಚಿದೆ. ಕೊನೆಯ ತಿರುಪು ಸಡಿಲಾದ ಕ್ಷಣ ಅವು ನನ್ನ ಕೈಯಲ್ಲೇ ತಣ್ಣಗಾದವು. ಅವು ಅವನವು. ಟ್ರಂಕಿನಲ್ಲಿ ಅವನ ಗಡಿಯಾರದ ಪಕ್ಕಕ್ಕೆ ಇಟ್ಟೆ. ಬೂದು ಬಣ್ಣವನ್ನು ಕೆರೆಯೋಣವೇ ಎಂದು ಅತ್ತೆಯನ್ನು ಕೇಳಿದೆ. ಬೇಡ, ಆಕೆ ಬೇಕಾದರೆ ಕೆರೆದುಕೊಳ್ಳಲಿ ಎಂದರು.

ಮರುದಿನ ಬಿಸಿಲೇರಿದ ಮೇಲೆ, ಓಣಿಯವರೆಲ್ಲ ಕಟ್ಟೆಯ ಮೇಲಿರುವ ಹೊತ್ತು ನೋಡಿ ಹೊರಟೆವು. ಪೆಟ್ಟಿಗೆಯ ಒಂದು ಹಿಡಿಕೆ ನನ್ನ ಕೈಯಲ್ಲಿ, ಇನ್ನೊಂದು ಅತ್ತೆಯ ಕೈಯಲ್ಲಿ. ಹಗುರವಾಗಿತ್ತು. ಒಬ್ಬಳೇ ಒಯ್ಯಬಹುದಿತ್ತು.

‘ಎಲ್ಲಿಗೆ ಹೊಂಟ್ರಿ ಅತ್ತಿ ಸೊಸಿ?’ ಎಂದರು ಪ್ರಮೀಳಾ ವೈನಿ.

‘ಬ್ರೆಡ್ಡಿನ ಡಬ್ಬಿ ಬ್ರೆಡ್ಡಿನಾಕಿಗೆ ಕೊಡಾಕ’ ಎಂದರು ಅತ್ತೆ, ಓಣಿಯ ಆ ತುದಿಗೂ ಕೇಳುವ ಹಾಗೆ. ‘ನನ್ನ ಮಗಾ ಕಡಾ ತಂದಿದ್ದ. ನಿನಗೂ ಏನರ ಕೊಡೂದು ಉಳದೈತೇನು ಪ್ರಮೀಳಾ? ಇದ್ರ ಈಗ ಹೇಳಿಬಿಡು, ಒಮ್ಮೆಲೇ ಮುಗಿಸಿಬಿಡ್ತೇವಿ.’

ವೈನಿ ಅಕ್ಕಿ ಆರಿಸುವ ಮೊರವನ್ನು ತೊಡೆಯ ಮೇಲೆ ಹತ್ತಿರಕ್ಕೆ ಎಳೆದುಕೊಂಡರು.

ಬೇಕರಿಯ ಅಂಗಳದಲ್ಲಿ ಜೈತೂನಬಿ ಟ್ರೇಗಳನ್ನು ಹೊರಗೆ ಇಡುತ್ತಿದ್ದಳು. ನಮ್ಮನ್ನು ನೋಡಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಸಾವಿನ ಮನೆಯಿಂದ ತಿರುಗಿ ಬಂದ ಕಬ್ಬಿಣವನ್ನು ತಂದವರ ಕಣ್ಣ ಮುಂದೆಯೇ ಕೆಲಸಕ್ಕೆ ಹಚ್ಚಬೇಕು, ಅದು ಓಡುವುದನ್ನು ಅವರು ನೋಡಬೇಕು. ಅವಳು ತೊಳೆಯಲೂ ಇಲ್ಲ, ಒಳಗೊಮ್ಮೆ ಅಂಗೈ ಆಡಿಸಿದಳು ಅಷ್ಟೇ. ಡಿಸ್ಕು ಬಿಗಿಯಲು ಗುರುಪಾದ ಕೊರೆದಿದ್ದ ಹೊಸ ತೂತುಗಳು ಬೆರಳಿಗೆ ಸಿಕ್ಕವು.

‘ತೂತು ಹೊಡದಾರ ಮಾಸ್ತರು.’

‘ಮುಚ್ಚಿಸಿ ಕೊಡ್ತೇನ್ರಿ’ ಎಂದೆ.

‘ಇರ್ಲಿ ಬಿಡ್ರಿ. ಗಾಳಿ ಬಾಳ ಆಡತೇತಿ.’

ಉಸುಕಿನ ಚೀಲವನ್ನು ಬಿಚ್ಚಿ ನೆಲಕ್ಕೆ ಕೆಡವಿದಳು. ಪೆಟ್ಟಿಗೆಯನ್ನು ಆ ಜಾಗಕ್ಕೆ ಕಟ್ಟಿ, ಒಂದು ಕಡೆ ಹಸಿರು, ಒಂದು ಕಡೆ ಬೂದು, ಎರಡಕ್ಕೂ ಸಮವಾಗಿ ಬ್ರೆಡ್ಡು ತುಂಬಿದಳು. ಅತ್ತೆ ಜಗಲಿಯ ಮೇಲೆ ಕೂತು ಅವಳು ಕೊಟ್ಟ ರಸ್ಕನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದರು. ಜೈತೂನಬಿ ಸೈಕಲ್ಲು ಹತ್ತಿದಳು. ಬಾಗಿಲು ದಾಟುವಷ್ಟರಲ್ಲಿ ಹ್ಯಾಂಡಲು ಆ ಕಡೆ ಈ ಕಡೆ ಹೊಯ್ದಾಡಿತು.

‘ಹಿಡೀರಿ ಅಕ್ಕಾರ, ಹಿಡೀರಿ! ಉಸುಕಿನ ಕೂಡ ಓಡಿಸಿ ಓಡಿಸಿ ನೆಟ್ಟಗ ಹೋಗೂದ ಮರತೇನಿ.’

ಕ್ಯಾರಿಯರು ಹಿಡಿದುಕೊಂಡು ಅವಳ ಹಿಂದೆ ಓಡಿದೆ. ಎರಡೂ ಪೆಟ್ಟಿಗೆಗಳು ಒಂದೇ ಲಯದಲ್ಲಿ ಗಡಗಡ ಎನ್ನುತ್ತಿದ್ದವು. ಬೇವಿನ ಮರದ ಹತ್ತಿರ ಸೈಕಲ್ಲು ತಾನಾಗಿಯೇ ನೆಟ್ಟಗಾಯಿತು. ಅವಳು ಗಂಟೆ ಬಾರಿಸುತ್ತ ನಮ್ಮ ಓಣಿಯ ಕಡೆ ತಿರುಗಿದಳು.

‘ಹಿಡದೀರಲ್ರಿ?’ ಎಂದು ಹಿಂದೆ ನೋಡದೆಯೇ ಕೂಗಿದಳು.

‘ಹಿಡದೇನ್ರಿ’ ಎಂದು ಕೂಗಿದೆ, ಬೇವಿನ ಮರದ ಕೆಳಗೆ ನಿಂತುಕೊಂಡೇ.